ಮಳೆ ರಜೆಯ ಸುದ್ದಿ ಪ್ರತಿ ಮನೆಗೂ ಮುಟ್ಟಬೇಕಾ? ಶಾಲೆಗೊಂದು ಫೋನ್ ಸರಪಳಿ ಕಟ್ಟಿ

ಕರಾವಳಿ, ಮಲೆನಾಡಿನ ಮನೆಗಳಲ್ಲಿ ಮಳೆಗಾಲ ಹಿಡಿಯಿತೆಂದರೆ ದಿನಾ ಒಂದೇ ಪ್ರಶ್ನೆ: ಇವತ್ತು ರಜೆ ಇದೆಯಾ? ಜಿಲ್ಲಾಧಿಕಾರಿಗಳ ಆದೇಶ ಕೆಲವೊಮ್ಮೆ ಹಿಂದಿನ ರಾತ್ರಿಯೇ ಬರುತ್ತದೆ, ಕೆಲವೊಮ್ಮೆ ಮಗು ಬ್ಯಾಗ್ ಹೆಗಲಿಗೆ ಹಾಕಿಕೊಳ್ಳುವ ಹೊತ್ತಿಗೆ. ಇಡೀ ಜಿಲ್ಲೆಗೂ ಇರಬಹುದು, ಒಂದೆರಡು ತಾಲ್ಲೂಕಿಗೆ ಮಾತ್ರವೂ ಇರಬಹುದು. ವಾಟ್ಸಾಪ್ ಗ್ರೂಪ್ ಇದೆಯಲ್ಲ ಅಂತೀರಾ? ಇದೆ. ಆದರೆ ಕೆಲವರಿಗೆ ನೆಟ್ ಸಿಗುವುದಿಲ್ಲ, ಕೆಲವರದು ಕೀಪ್ಯಾಡ್ ಫೋನ್, ಇನ್ನು ಕೆಲವರು ಗ್ರೂಪ್ ಮ್ಯೂಟ್ ಮಾಡಿಟ್ಟಿರುತ್ತಾರೆ. ಅದರ ಮೇಲೆ ಹಳೆಯ ಆದೇಶದ ದಿನಾಂಕ ತಿದ್ದಿ ಹರಿಬಿಡುವವರು ಬೇರೆ. ಗ್ರೂಪ್‌ಗೆ ಹಾಕಿದ್ದು ಯಾರ ಮನೆಗೆ ಮುಟ್ಟಲಿಲ್ಲ ಅನ್ನುವುದು ಯಾರಿಗೂ ಗೊತ್ತಾಗುವುದಿಲ್ಲ. ಫೋನ್ ಸರಪಳಿಯಲ್ಲಿ ಗೊತ್ತಾಗುತ್ತದೆ. ಅದಕ್ಕೇ ಇಷ್ಟು ಶ್ರಮ.

ಲೆಕ್ಕ ಸುಲಭ. ಹೆಡ್‌ಮಾಸ್ಟರ್ ನಾಲ್ವರಿಗೆ ಫೋನ್ ಮಾಡುತ್ತಾರೆ. ಆ ನಾಲ್ವರು ತಲಾ ಮೂವರಿಗೆ, ಆ ಹನ್ನೆರಡು ಮಂದಿ ಮತ್ತೆ ತಲಾ ಮೂವರಿಗೆ. 4, 12, 36, ಒಟ್ಟು 52 ಮನೆ. ಊರಿನ ಸಣ್ಣ ಶಾಲೆಗೆ ಇಷ್ಟು ಸಾಕು. ಮನೆ ಜಾಸ್ತಿ ಇದ್ದರೆ ಹೆಡ್‌ಮಾಸ್ಟರ್ ಕೆಳಗೆ ಇನ್ನೊಂದೆರಡು ಕವಲು ಸೇರಿಸಿ. ಒಬ್ಬರ ತಲೆಗೆ ಹತ್ತು ಹದಿನೈದು ಕಾಲ್ ಕಟ್ಟಬೇಡಿ, ಬೆಳಗ್ಗಿನ ಗಡಿಬಿಡಿಯಲ್ಲಿ ಯಾರಿಂದಲೂ ಆಗುವುದಿಲ್ಲ.

ಕವಲುಗಳನ್ನು ತರಗತಿ ಪ್ರಕಾರ ಮಾಡಬೇಡಿ. ಎಲ್ಲರಿಗೂ ಮೊದಲು ಹೊಳೆಯುವುದು ಅದೇ, ಆದರೆ ಅಕ್ಕ ಏಳನೇ ಕ್ಲಾಸು, ತಮ್ಮ ಎರಡನೇ ಕ್ಲಾಸು ಅಂದರೆ ಒಂದೇ ಮನೆಗೆ ಎರಡು ಫೋನ್ ಹೋಗುತ್ತದೆ, ಪಕ್ಕದ ಮನೆಯವರಿಗೆ ಹೇಳುವುದು ಮಾತ್ರ ಇನ್ಯಾರದೋ ಪಾಲಿಗೆ ಬೀಳುತ್ತದೆ. ಮಕ್ಕಳು ನಡೆದು ಬರುವ ದಾರಿ ಹಿಡಿದು ಮನೆಗಳನ್ನು ಸೇರಿಸಿ. ಹಳ್ಳದ ಆಚೆಯವರು ಒಂದು ಕವಲು, ಗುಡ್ಡದ ಮೇಲಿನವರು ಒಂದು, ಪೇಟೆ ರಸ್ತೆಯವರು ಇನ್ನೊಂದು. ಫೋನ್ ಹೋಗದಿದ್ದರೆ ಕೊಡೆ ಹಿಡಿದು ಹೋಗಿ ಹೇಳಿ ಬರುವಷ್ಟು ಹತ್ತಿರ ಇರಬೇಕು. ನೆಟ್‌ವರ್ಕ್ ಸಿಗದ ಮನೆಗಳಿಗೆ ಯಾರು ಹೋಗಿ ಹೇಳಬೇಕು ಅಂತ ಈಗಲೇ ಹೆಸರು ಬರೆದಿಡಿ.

ಶಾಲೆಯ ದಾಖಲೆಯಲ್ಲಿರುವ ನಂಬರ್ ನಂಬಿ ಕೂರಬೇಡಿ. ಸೇರಿಸುವಾಗ ಕೊಟ್ಟ ನಂಬರ್ ಬಹಳ ಸಲ ಅಪ್ಪನದ್ದು, ಅಪ್ಪ ಇರುವುದು ಮಂಗಳೂರಿನಲ್ಲೋ ಗಲ್ಫ್‌ನಲ್ಲೋ. ಬೆಳಿಗ್ಗೆ ಆರೂವರೆಗೆ ಮಗುವಿನ ಜೊತೆ ಮನೆಯಲ್ಲಿ ಯಾರಿರುತ್ತಾರೆ, ಮಧ್ಯಾಹ್ನ ಎರಡು ಗಂಟೆಗೆ ಯಾರಿರುತ್ತಾರೆ ಅಂತ ಕೇಳಿ. ರಬ್ಬರ್ ಟ್ಯಾಪಿಂಗ್‌ಗೆ ಹೋದವರು ಬೆಳಿಗ್ಗೆ ಸಿಗುವುದಿಲ್ಲ, ಮನೆಯಲ್ಲೇ ಬೀಡಿ ಕಟ್ಟುವ ಅಮ್ಮ ಸಿಗುತ್ತಾರೆ. ಮನೆಗೆ ಎರಡು ನಂಬರ್ ಬೇಕು. ಅದರಲ್ಲಿ ಒಂದು ನೆರೆಮನೆಯದ್ದಾದರೂ ಪರವಾಗಿಲ್ಲ.

ಮುಖ್ಯ ನಾಲ್ವರನ್ನು ಆರಿಸುವಾಗ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲೇ ಮಾತಾಡಿ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು. ಹಾಗಾಗಿ ಜನ ಅಲ್ಲೇ ಸಿಗುತ್ತಾರೆ. ಆದರೆ ಸ್ಥಾನ ನೋಡಿ ಹಾಕಬೇಡಿ, ಫೋನ್ ಎತ್ತುವವರನ್ನು ಹಾಕಿ. ಕೆಲವು ತಾಯಂದಿರಿಗೆ ಗುರುತಿಲ್ಲದ ಗಂಡಸರು ಫೋನ್ ಮಾಡುವುದು ಇಷ್ಟವಿರುವುದಿಲ್ಲ, ಅವರ ಮನೆಗೆ ಇನ್ನೊಬ್ಬ ತಾಯಿಯಿಂದಲೇ ಫೋನ್ ಹೋಗಲಿ. ಇಡೀ ಪಟ್ಟಿಯನ್ನು ಗ್ರೂಪ್‌ಗೆ ಹಾಕಲೇಬೇಡಿ. ಒಬ್ಬೊಬ್ಬರಿಗೂ ಅವರ ಕವಲಿನ ಚೀಟಿ ಮಾತ್ರ ಕೊಡಿ.

ಆ ಚೀಟಿಯಲ್ಲಿ ತಮ್ಮ ಮೂವರ ನಂಬರ್ ಜೊತೆಗೆ ಆ ಮೂವರು ಯಾರಿಗೆ ಹೇಳಬೇಕೋ ಅವರ ನಂಬರೂ ಇರಬೇಕು. ಯಾಕೆಂದರೆ ಎರಡು ಸಲ ಮಾಡಿದರೂ ಒಬ್ಬರು ಎತ್ತಲಿಲ್ಲ ಅಂದರೆ ಅವರ ಕೆಲಸವನ್ನು ಮೇಲಿನವರೇ ಮಾಡಬೇಕು. ಸರಪಳಿ ತುಂಡಾಗುವುದು ಹೆಚ್ಚಾಗಿ ಇಲ್ಲೇ. ಕೆಲಸ ಮುಗಿದ ಮೇಲೆ ವಾಪಸ್ ಸುದ್ದಿ ಹೋಗಬೇಕು: ಎಲ್ಲರಿಗೂ ಹೇಳಿ ಆದರೆ ಮೇಲಿನವರಿಗೆ ಒಂದು ಮಿಸ್ಡ್ ಕಾಲ್, ಯಾರಾದರೂ ಸಿಗದಿದ್ದರೆ ಮಾತಾಡಿಯೇ ಹೇಳಬೇಕು. ಕೊನೆಗೆ ಸಿಗದ ಮನೆಗಳ ಹೆಸರು ಹೆಡ್‌ಮಾಸ್ಟರ್ ಕೈಗೆ ಬರುತ್ತದೆ. ವಾಪಸ್ ಸುದ್ದಿ ಇಲ್ಲದಿದ್ದರೆ ವಾಟ್ಸಾಪ್‌ಗೂ ಇದಕ್ಕೂ ಏನು ವ್ಯತ್ಯಾಸ?

ಇದು ಅತಿ ಮುಖ್ಯ ಆಗುವುದು ಮಧ್ಯಾಹ್ನ ಜೋರು ಮಳೆ ಬಂದು ಶಾಲೆ ಬೇಗ ಬಿಡುವ ದಿನ. 2022ರ ಆಗಸ್ಟ್‌ನಲ್ಲಿ ಬೈಂದೂರು ಕಡೆ ಶಾಲೆ ಮುಗಿಸಿ ಮನೆಗೆ ಹೊರಟ ಪುಟ್ಟ ಹುಡುಗಿ ಕಾಲುಸಂಕದಿಂದ (ಹಳ್ಳ ದಾಟುವ ಕಿರುಸೇತುವೆ) ಜಾರಿ ಹಳ್ಳದಲ್ಲಿ ಕೊಚ್ಚಿಹೋದಳು. ಅಂಥ ದಾರಿ ಇರುವ ಊರುಗಳು ಇನ್ನೂ ಎಷ್ಟೋ ಇವೆ. ಹಾಗಾಗಿ ಒಂದು ನಿಯಮ ಗಟ್ಟಿ ಮಾಡಿಕೊಳ್ಳಿ: ಮನೆಯಿಂದ "ಕರೆದುಕೊಂಡು ಹೋಗಲು ಬರುತ್ತೇವೆ" ಅಂತ ಮಾತು ಬರುವವರೆಗೆ ಮಗುವನ್ನು ಶಾಲೆಯಿಂದ ಬಿಡಬಾರದು, ಒಬ್ಬ ಟೀಚರ್ ಜೊತೆಗಿರಬೇಕು. ಯಾವ ಟೀಚರ್ ಅನ್ನುವುದನ್ನೂ ಮೊದಲೇ ತೀರ್ಮಾನ ಮಾಡಿ. ಹಳ್ಳ ಉಕ್ಕಿ ಅಪಾಯ ಅನಿಸಿದರೆ ಜಿಲ್ಲಾ ಕಂಟ್ರೋಲ್ ರೂಮ್ 1077, ತುರ್ತಿಗೆ 112. ಎರಡನ್ನೂ ಚೀಟಿಯಲ್ಲೇ ದೊಡ್ಡದಾಗಿ ಬರೆಯಿರಿ.

ಫೋನಿನಲ್ಲಿ ಹೇಳುವ ಮಾತು ಚಿಕ್ಕದಿರಲಿ. "ಹೆಡ್‌ಮಾಸ್ಟರ್ ಹೇಳಿದ್ದು. ಇವತ್ತು ಬುಧವಾರ ಮಳೆಗೆ ರಜೆ. ಮಕ್ಕಳನ್ನು ಕಳಿಸಬೇಡಿ. ನಿಮ್ಮ ಮೂವರಿಗೆ ಹೇಳಿ." ಅಷ್ಟೇ. ವಾರದ ಹೆಸರು ಬಿಡಬೇಡಿ. ಕೇಳಿಸಿಕೊಂಡವರು ಒಮ್ಮೆ ತಿರುಗಿ ಹೇಳಲಿ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಯಾವುದೋ ಅದರಲ್ಲೇ ಹೇಳಿ. ತೋಟದ ಕೆಲಸಕ್ಕೆ ಬಂದ ಹೊರ ರಾಜ್ಯದ ಮನೆಯವರಿದ್ದರೆ ಹಿಂದಿ ಬರುವವರ ಕವಲಿಗೆ ಸೇರಿಸಿ. ಸುದ್ದಿ ಹೆಡ್‌ಮಾಸ್ಟರ್ ಬಿಟ್ಟು ಬೇರೆ ಯಾರಿಂದಲೂ ಶುರುವಾಗಬಾರದು, ಟಿವಿಯಲ್ಲಿ ನೋಡಿದೆ ಅಂತ ಹೇಳಿದರೂ.

ಜೂನ್ ಮೊದಲ ವಾರದಲ್ಲೇ ಒಮ್ಮೆ ಪರೀಕ್ಷೆ ಮಾಡಿ. ಶನಿವಾರ ಸಂಜೆ ಸರಪಳಿಯಲ್ಲಿ ಒಂದು ಮಾತು ಬಿಡಿ: ಸೋಮವಾರ ಪ್ರತಿ ಮಗುವೂ ಒಂದು ಹಲಸಿನ ಎಲೆ ತರಬೇಕು. ಖರ್ಚಿಲ್ಲ, ಮಕ್ಕಳಿಗೆ ಖುಷಿ. ಎಲೆ ಇಲ್ಲದೆ ಬಂದವರ ಮನೆ ಯಾವ ಕವಲಿನದ್ದು ನೋಡಿ, ಎಲ್ಲಿ ತುಂಡಾಗಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಯಾರಾದರೂ ಮಾವಿನ ಎಲೆ ತಂದರೆ ಮಾತು ದಾರಿಯಲ್ಲಿ ಬದಲಾಗಿದೆ ಅಂತ ಅರ್ಥ. ಯಾರನ್ನೂ ಬೈಯಬೇಡಿ, ಸುಮ್ನೆ ಜಾಗ ಬದಲಿಸಿ, ಮತ್ತೊಂದು ಶನಿವಾರ ಇನ್ನೊಮ್ಮೆ ಮಾಡಿ.

ನಂಬರ್‌ಗಳು ಬದಲಾಗುತ್ತಲೇ ಇರುತ್ತವೆ. ದಸರಾ ರಜೆ ಮುಗಿದ ಕೂಡಲೇ ಒಂದು ಸಲ ಎಲ್ಲವನ್ನೂ ಸರಿ ಮಾಡಿ. ಪೂರ್ತಿ ಪಟ್ಟಿಯ ಒಂದು ಪ್ರತಿ ಶಾಲೆಯ ಕಪಾಟಿನಲ್ಲಿ, ಇನ್ನೊಂದು ಎಸ್‌ಡಿಎಂಸಿ ಕಡೆಯಲ್ಲಿ ಇರಲಿ. ಹೆಡ್‌ಮಾಸ್ಟರ್‌ಗೆ ವರ್ಗಾವಣೆ ಆದರೆ ಬೀಗದ ಕೈ ಕೊಡುವ ದಿನವೇ ಈ ಪಟ್ಟಿಯನ್ನೂ ಹೊಸಬರ ಕೈಗೆ ಕೊಡಲಿ.