ಎರಡು ಫರಸಿಯ ಕೆಲಸ

ನನ್ನ ಹೆಂಡತಿಯ ನೌಕರಿ ಯಾದಗಿರಿಯಲ್ಲಿ. ಬೆಳಗಿನ ರೈಲು ಹಿಡಿಯಲು ಅವಳು ಕಲಬುರಗಿಯ ನಮ್ಮ ಮನೆಯಿಂದ ಹೊರಟ ಮೇಲೆ ಕಸ ಹೊಡೆಯುವುದು, ನೆಲ ಒರೆಸುವುದು, ಮಗಳನ್ನು ನೋಡಿಕೊಳ್ಳುವುದು ಮೂರೂ ನನ್ನ ಪಾಲಿಗೆ ಬರುತ್ತವೆ. ಮಗಳು ಬೆಳಿಗ್ಗೆ ಇನ್ನೊಂದು ನಿದ್ದೆ ಮಾಡುತ್ತಿದ್ದಷ್ಟು ದಿನ ತೊಂದರೆಯಿರಲಿಲ್ಲ. ಒಂದೂವರೆ ವರ್ಷ ತುಂಬುವ ಹೊತ್ತಿಗೆ ಆ ನಿದ್ದೆ ನಿಂತುಹೋಯಿತು. ನಾನು ಕಸಬರಿಗೆ ಹಿಡಿದ ಕೂಡಲೇ ಅವಳು ಓಡಿಬಂದು ಅದರ ತುದಿ ಹಿಡಿದು ಜಗ್ಗುವಳು. ಬಿಡಿಸಿಕೊಂಡರೆ ನೆಲಕ್ಕೆ ಕುಳಿತು ಅಳುವಳು. ಮೊಬೈಲಿನಲ್ಲಿ ಹಾಡು ಹಚ್ಚಿಕೊಟ್ಟು ಒಂದು ವಾರ ತಳ್ಳಿದೆ. ಆಮೇಲೆ ಮೊಬೈಲ್ ಕಸಿದುಕೊಳ್ಳುವುದೇ ಕಸಬರಿಗೆ ಬಿಡಿಸಿಕೊಳ್ಳುವುದಕ್ಕಿಂತ ದೊಡ್ಡ ರಗಳೆಯಾಯಿತು.

ಆಟಿಕೆ ಅಂಗಡಿಯಿಂದ ಪ್ಲಾಸ್ಟಿಕ್ಕಿನ ಪುಟ್ಟ ಕಸಬರಿಗೆ ತಂದುಕೊಟ್ಟದ್ದು ನನ್ನ ಮೊದಲ ತಪ್ಪು. ಅದರಿಂದ ಒಂದು ಕಡ್ಡಿಯೂ ಸರಿಯಲಿಲ್ಲ, ಮತ್ತು ಅದನ್ನು ಮಗು ಎರಡೇ ದಿನದಲ್ಲಿ ಕಂಡುಕೊಂಡು ಮೂಲೆಗೆಸೆಯಿತು. ಸವೆದುಹೋಗಿದ್ದ ಹುಲ್ಲಿನ ಕಸಬರಿಗೆಯ ಹಿಡಿಕೆಯನ್ನು ಕತ್ತರಿಸಿ, ಕತ್ತರಿಸಿದ ಬಾಯಿಗೆ ಅರಿವೆ ಸುತ್ತಿ ಬಿಗಿದು ಕೊಟ್ಟಾಗ ಮಾತ್ರ ಅವಳು ತೃಪ್ತಳಾದಳು. ಕಡ್ಡಿ ಕಸಬರಿಗೆಯನ್ನು ನಾನು ಇಂದಿಗೂ ಅವಳ ಕೈಗೆ ಕೊಡುವುದಿಲ್ಲ. ಅದರ ತುದಿ ಕಣ್ಣಿಗೆ ಚುಚ್ಚೀತೆಂಬ ಭಯ. ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮಿನಲ್ಲಿ ತೆರೆದ ಮಕ್ಕಳ ಮನೆಯಲ್ಲಿ ಗುಡಿಸುವುದು, ಒರೆಸುವುದು ಕಲಿಕೆಯ ಭಾಗವೇ ಆಗಿದ್ದವೆಂದು, ಸಲಕರಣೆ ಮಗುವಿನ ಅಳತೆಗೆ ಇರಬೇಕು, ಆದರೆ ನಿಜವಾದದ್ದಾಗಿರಬೇಕು ಎಂಬುದು ಆಕೆಯ ನಿಲುವಾಗಿತ್ತೆಂದು ನಾನು ಓದಿದ್ದು ಇದಾದ ಮೇಲೆ. ಮೊದಲೇ ಓದಿದ್ದರೆ ಪ್ಲಾಸ್ಟಿಕ್ಕಿಗೆ ಸುರಿದ ದುಡ್ಡು ಉಳಿಯುತ್ತಿತ್ತು.

ಊರಿನಿಂದ ಬಂದಿದ್ದ ನಮ್ಮ ಅವ್ವನಿಗೆ ಇದು ಸರಿಕಾಣಲಿಲ್ಲ. "ಹೆಣ್ಣುಕೂಸಿಗಿ ಈಗಿಂದೇ ಕಸಾ ಹೊಡಿಲಾಕ ಹಚ್ಚೀಯೇನಪಾ? ದೊಡ್ಡಾಕಿ ಆದಮ್ಯಾಲ ಇದ್ದದ್ದೇ ಅದ" ಎಂದಳು. ಆ ಮಾತು ನನಗೆ ತಟ್ಟಿತು. ಗಂಡು ಮಗುವಾಗಿದ್ದರೂ ಇದನ್ನೇ ಮಾಡಿಸುತ್ತಿದ್ದೆನೇ ಎಂದು ಯೋಚಿಸಿ ನೋಡಿದೆ; ಮಾಡಿಸುತ್ತಿದ್ದೆ. ಅಲ್ಲದೆ ಅವಳು ನೋಡಿ ಕಲಿಯುತ್ತಿದ್ದದ್ದು ಕಸ ಹೊಡೆಯುವ ಅಪ್ಪನನ್ನು. ಹೀಗೆ ಆಕ್ಷೇಪಿಸಿದ ಅವ್ವನೇ ಕಸಬರಿಗೆಯನ್ನು ದಾಟಬಾರದು, ಕೆಲಸ ಮುಗಿದ ಮೇಲೆ ಬಾಗಿಲ ಹಿಂದೆ ಅದರ ಜಾಗದಲ್ಲೇ ಇಡಬೇಕು ಎಂಬುದನ್ನು ಮೊಮ್ಮಗಳಿಗೆ ರೂಢಿ ಮಾಡಿಸಿ ಹೋದಳು. ಅವ್ವನಿಗೆ ಅದು ಲಕ್ಷ್ಮಿ, ನನಗೆ ಅಚ್ಚುಕಟ್ಟು. ಮಗಳಿಗೆ ಕಾರಣವೇ ಬೇಕಾಗಿರಲಿಲ್ಲ.

ನೆಲ ಒರೆಸುವುದೇ ಅವಳಿಗೆ ಹೆಚ್ಚು ಒಗ್ಗಿದ ಕೆಲಸ, ಮತ್ತು ಅದಕ್ಕೆ ಅರ್ಧ ಕಾರಣ ನಮ್ಮ ನೆಲ. ಈ ಭಾಗದ ಬಹಳಷ್ಟು ಹಳೆಯ ಮನೆಗಳಂತೆ ನಮ್ಮದೂ ಶಹಾಬಾದ್ ಫರಸಿಯದು. ಒಂದೊಂದು ಕಲ್ಲೂ ಸುಮಾರು ಎರಡು ಅಡಿ ಚೌಕ, ನಡುವೆ ಬೆರಳಿಗೆ ಹತ್ತುವಷ್ಟು ಸಂದು. "ನೆಲ ಒರೆಸು" ಎಂದರೆ ಎರಡು ವರ್ಷದ ಮಗುವಿಗೆ ಎಲ್ಲಿ ಆರಂಭ, ಎಲ್ಲಿ ಮುಗಿತಾಯ ಎಂಬುದು ತಿಳಿಯುವುದಿಲ್ಲ. "ಈ ಫರಸಿ ನಿಂದು" ಎಂದು ಕೈಯಿಟ್ಟು ತೋರಿಸಿದ ದಿನ ಅವಳು ಮಂಡಿಯೂರಿ, ಎರಡೂ ಅಂಗೈಗಳನ್ನು ಅರಿವೆಯ ಮೇಲೊತ್ತಿ, ಒಂದು ಸಂದಿನಿಂದ ಇನ್ನೊಂದು ಸಂದಿನವರೆಗೆ ತಳ್ಳಿಕೊಂಡು ಹೋಗಿ ಅಲ್ಲಿಗೇ ನಿಂತಳು. ಬೇಸಿಗೆಯ ಗಾಳಿಗೆ ಎರಿಮಣ್ಣಿನ ದೂಳು ಕಿಟಕಿಯಿಂದ ಒಳಬಂದು ಕೂರುವ ಊರಿದು. ಅರಿವೆಯನ್ನು ತಿರುವಿದರೆ ಅದರ ಮೈ ಕಪ್ಪಾಗಿತ್ತು. ಆ ಕಪ್ಪನ್ನು ಅವಳು ಬಹಳ ಹೊತ್ತು ನೋಡಿದಳು, ನನಗೂ ತೋರಿಸಿದಳು. ನಾನು ಹೊಗಳುವ ಅಗತ್ಯವೇ ಬೀಳಲಿಲ್ಲ.

ಅರಿವೆ ಕರವಸ್ತ್ರದಷ್ಟೇ ಇರಬೇಕು. ದೊಡ್ಡದಾದರೆ ಚಿಕ್ಕ ಕೈಗಳಿಗೆ ಹಿಂಡಲು ಬರುವುದಿಲ್ಲ. ನಮ್ಮ ಓಣಿಗೆ ನಳದ ನೀರು ದಿನವೂ ಬರುವುದಿಲ್ಲವಾದ್ದರಿಂದ ಚೆಲ್ಲಿಹೋಗುವ ಭಯಕ್ಕೆ ಬಟ್ಟಲಿನಲ್ಲಿ ಕಾಲುಭಾಗ ನೀರು ಕೊಡುತ್ತಿದ್ದೆ. ಅದಕ್ಕಿಂತ ಮುಖ್ಯವಾದ ಕಾರಣ ಬೇರೆಯಿದೆ: ಬಕೆಟ್ಟಿನಲ್ಲಿ ಗೇಣು ನೀರಿದ್ದರೂ ತಲೆಕೆಳಗಾಗಿ ಬಿದ್ದ ಮಗು ತಾನಾಗಿ ಏಳಲಾರದು. ತುಂಬಿದ ಬಕೆಟ್ಟಿರುವ ಕಡೆ ಅವಳನ್ನು ಒಂದು ನಿಮಿಷವೂ ಒಬ್ಬಳನ್ನೇ ಬಿಡುವುದಿಲ್ಲ. ಫಿನಾಯಿಲನ್ನು ಹಳೆಯ ಶರಬತ್ತಿನ ಬಾಟಲಿಯಲ್ಲಿ ತುಂಬಿಡುವ ರೂಢಿ ನಮ್ಮಲ್ಲೂ ಇತ್ತು. ಅದನ್ನು ಅಂದೇ ಬಿಟ್ಟೆವು. ಶಹಾಬಾದ್ ಕಲ್ಲು ಸುಣ್ಣದಕಲ್ಲಿನ ಜಾತಿಯದಾದ್ದರಿಂದ ಆಸಿಡ್ ಬಿದ್ದರೆ ಅದರ ಮೈ ಮಂಕಾಗುತ್ತದೆ. ಹೀಗಾಗಿ ಬರಿಯ ನೀರು ಕಲ್ಲಿಗೂ ಕ್ಷೇಮ, ಮಗುವಿಗೂ ಕ್ಷೇಮ.

ಎಲ್ಲ ಕೆಲಸವೂ ಹೀಗೆ ಸಾಗಲಿಲ್ಲ. ಹೊಲದಿಂದ ಬಂದ ತೊಗರಿಯನ್ನು ಹಸನು ಮಾಡುವಾಗ ಕಲ್ಲು ಆರಿಸಲು ಅವಳನ್ನೂ ಮೊರದ ಮುಂದೆ ಕೂರಿಸಿಕೊಂಡೆ. ನಾನು ಚೀಲದ ಬಾಯಿ ಕಟ್ಟಲು ತಿರುಗಿದ ಗಳಿಗೆಯಲ್ಲಿ ಒಂದು ಕಾಳು ಅವಳ ಮೂಗಿನೊಳಗೆ ಸೇರಿತ್ತು. ಬೆರಳು ಹಾಕಿ ತೆಗೆಯಹೋದರೆ ಇನ್ನೂ ಒಳಗೆ ಸರಿಯುತ್ತದೆಂಬ ತಿಳಿವಳಿಕೆ ಅದೃಷ್ಟಕ್ಕೆ ನನಗಿತ್ತು. ನೇರವಾಗಿ ವೈದ್ಯರಲ್ಲಿಗೆ ಒಯ್ದೆ, ಅವರು ಚಿಮಟದಿಂದ ತೆಗೆದರು. ಮೂರು ವರ್ಷ ತುಂಬುವವರೆಗೆ ಕಾಳಿನ ಕೆಲಸ ಬೇಡವೆಂದು ಆ ಹೊತ್ತಿಗೇ ತೀರ್ಮಾನಿಸಿದೆ. ಅದರ ಬದಲು ಒಗೆದ ಅರಿವೆಗಳಲ್ಲಿ ಚಿಕ್ಕವನ್ನು ಒಂದೊಂದಾಗಿ ನನ್ನ ಕೈಗೆ ಕೊಡುತ್ತಾಳೆ.

ಕಲಿಯಲು ನನಗೆ ಅತಿ ಕಷ್ಟವಾದದ್ದು ಸುಮ್ಮನಿರುವುದು. ಅವಳು ಒರೆಸಿದ ಫರಸಿಯ ಮೇಲೆ ನೀರಿನ ಗೆರೆಗಳು ಉಳಿದಿರುತ್ತಿದ್ದವು, ನಾನು ಅಭ್ಯಾಸಬಲದಿಂದ ಹಿಂದೆಯೇ ಒಣ ಅರಿವೆ ಆಡಿಸಿಬಿಡುತ್ತಿದ್ದೆ. ಮೂರನೆಯ ದಿನ ಅವಳು ತಿರುಗಿ ನೋಡಿದಳು. ತನ್ನ ಅರಿವೆಯನ್ನು ಬಟ್ಟಲಿಗೆ ಹಾಕಿ ಎದ್ದುಹೋದವಳು ನಾಲ್ಕು ದಿನ ಹತ್ತಿರ ಸುಳಿಯಲಿಲ್ಲ. ಈಗ ಆ ಗೆರೆಗಳನ್ನು ಹಾಗೆಯೇ ಬಿಡುತ್ತೇನೆ. ಬೇಸಿಗೆಯಲ್ಲಂತೂ ಅವು ನೋಡನೋಡುತ್ತ ಆರಿಹೋಗುತ್ತವೆ. ತೀರಾ ಜಾರುವಂತಿದ್ದರೆ ಅವಳು ಮಧ್ಯಾಹ್ನ ಮಲಗಿದ ಮೇಲೆ ಒರೆಸುತ್ತೇನೆ. ಇಪ್ಪತ್ತು ನಿಮಿಷದ ಕೆಲಸಕ್ಕೆ ನಲವತ್ತು ನಿಮಿಷ ಹಿಡಿಯುತ್ತದೆ ಎಂಬುದನ್ನೂ ಮುಚ್ಚಿಡುವುದಿಲ್ಲ. ತಡವಾದ ದಿನ ನಾನೇ ಬೇಗ ಮುಗಿಸಿಬಿಡುತ್ತೇನೆ, ಅವಳು ಅಳುತ್ತಾಳೆ.

ಈಗ ಅವಳಿಗೆ ಎರಡು ಮುಕ್ಕಾಲು ವರ್ಷ, ಅವಳ ಪಾಲು ಎರಡು ಫರಸಿಯಿಂದ ನಾಲ್ಕಕ್ಕೆ ಏರಿದೆ. ಹೊಸ್ತಿಲ ಪಕ್ಕದ ಮೂಲೆ ಮುರಿದ ಫರಸಿಯೊಂದನ್ನು ಮಾತ್ರ ಅವಳು ಮುಟ್ಟುವುದಿಲ್ಲ, ನನಗೂ ಮುಟ್ಟಗೊಡುವುದಿಲ್ಲ. "ಅದು ಇರವಿ ಮನಿ" ಎನ್ನುತ್ತಾಳೆ. ಆ ಒಂದು ಕಲ್ಲು ಸುಮಾರು ಒಂದು ತಿಂಗಳಿನಿಂದ ದೂಳು ಹಿಡಿದು ಹಾಗೆಯೇ ಇದೆ.