ಇದು ಯಾರಿಗೆ? ಪ್ರೊಫೈಲ್ ವಿಷಯದಲ್ಲಿ ನನ್ನ ಅನುಭವ

ಕಾಲೇಜಿಗೆ ಸೇರಿದ ಹೊಸದರಲ್ಲಿ ಎಲ್ಲರೂ ಮೊದಲು ಕೇಳುವುದು ಹೆಸರು, ಆಮೇಲೆ ಇನ್‌ಸ್ಟಾ ಐಡಿ. ಎರಡನೇ ಸಲ ಮಾತಾಡುವಷ್ಟರಲ್ಲಿ ಅವರು ನಮ್ಮ ಪ್ರೊಫೈಲ್ ಪೂರ್ತಿ ನೋಡಿ ಮುಗಿಸಿರುತ್ತಾರೆ. ನಾವೂ ಅವರದ್ದು ನೋಡಿರುತ್ತೇವೆ. ಹಾಗಾಗಿ "ಅಲ್ಲಿ ನಾನು ಹೇಗೆ ಕಾಣ್ತೀನಿ" ಅನ್ನುವ ಚಿಂತೆಯನ್ನು ಬರೀ ಶೋಕಿ ಅಂತ ಯಾರಾದರೂ ತಳ್ಳಿಹಾಕಿದರೆ ನನಗೆ ಬೇಸರವಾಗುತ್ತದೆ. ಆ ವಯಸ್ಸಿನಲ್ಲಿ ನಾವು ಯಾರು ಅನ್ನೋದು ನಮಗೇ ಇನ್ನೂ ಗೊತ್ತಾಗುತ್ತಾ ಇರುತ್ತದೆ. ಅಷ್ಟರಲ್ಲೇ ಅದನ್ನು 150 ಅಕ್ಷರದ ಬಯೋದಲ್ಲಿ ಬರೆದು ತೋರಿಸಬೇಕು. ಚಿಂತೆ ಆಗದೆ ಇರುತ್ತಾ?

ಓದು ಮುಗಿಯುವ ಹೊತ್ತಿಗೆ ನನಗೆ ಒಂದು ದಾರಿ ಸಿಕ್ಕಿತು. ಏನೇ ಹಾಕುವ ಮೊದಲು "ಇದರಲ್ಲಿ ಹೇಗೆ ಕಾಣ್ತೀನಿ" ಅಂತ ಕೇಳಿಕೊಳ್ಳುವುದಿಲ್ಲ. "ಇದು ಯಾರಿಗೆ" ಅಂತ ಕೇಳಿಕೊಳ್ಳುತ್ತೇನೆ. ಇದು ಚಿಕ್ಕ ಬದಲಾವಣೆ ಅನ್ನಿಸಬಹುದು. ನನ್ನ ಮಟ್ಟಿಗೆ ಎಲ್ಲವೂ ಬದಲಾಗಿದ್ದು ಇದರಿಂದಲೇ.

ಎದುರಿಗಿರುವವರನ್ನು ನೋಡಿ ನಮ್ಮ ನಡೆ ಬದಲಾಗುವುದು ಹೊಸದೇನಲ್ಲ. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1950ರ ದಶಕದಲ್ಲೇ ಇದನ್ನು ನಾಟಕದ ಭಾಷೆಯಲ್ಲಿ ವಿವರಿಸಿದ್ದರು. ನಾವು ಜನರ ಮುಂದೆ ಇರುವ ಜಾಗ ಒಂದು, ತೆರೆಯ ಹಿಂದೆ ಇರುವ ಜಾಗ ಇನ್ನೊಂದು. ಮನೆಯವರ ಹತ್ತಿರ ಒಂದು ಥರ, ಗೆಳೆಯರ ಹತ್ತಿರ ಇನ್ನೊಂದು ಥರ, ಮೇಷ್ಟ್ರ ಎದುರು ಮತ್ತೊಂದು ಥರ ಇರುತ್ತೇವೆ. ಇದನ್ನು ಯಾರೂ ಮುಖವಾಡ ಅನ್ನುವುದಿಲ್ಲ. ತೊಂದರೆ ಶುರುವಾಗುವುದು ಈ ಎಲ್ಲರೂ ಒಂದೇ ಫಾಲೋವರ್ಸ್ ಪಟ್ಟಿಯಲ್ಲಿ ಬಂದು ಕೂತಾಗ. ಟ್ವಿಟರ್ ಬಳಸುವವರ ಬಗ್ಗೆ 2010ರ ಹೊತ್ತಿಗೆ ಬರೆದ ಸಂಶೋಧಕರಾದ ಆಲಿಸ್ ಮಾರ್ವಿಕ್ ಮತ್ತು ಡಾನಾ ಬಾಯ್ಡ್ ಇದನ್ನು ಕಾಂಟೆಕ್ಸ್ಟ್ ಕೊಲ್ಯಾಪ್ಸ್ ಅಂತ ಕರೆದರು. ಬೇರೆ ಬೇರೆ ಕಡೆ ಇರಬೇಕಾದ ಜನರೆಲ್ಲ ಒಂದೇ ಕಡೆ ಸೇರಿಬಿಡುವುದು ಅಂತ ಅದರ ಅರ್ಥ. ಅವರು ಹೇಳಿದ ಇನ್ನೊಂದು ಮಾತು ನನಗೆ ಹೆಚ್ಚು ಉಪಯೋಗಕ್ಕೆ ಬಂತು. ನಾವು ಬರೆಯುವಾಗ ನಿಜವಾದ ಓದುಗರು ಯಾರು ಅಂತ ನಮಗೆ ಕಾಣುವುದಿಲ್ಲ. ಹಾಗಾಗಿ ಮನಸ್ಸಿನಲ್ಲೇ ಯಾರನ್ನೋ ಕೂರಿಸಿಕೊಂಡು ಅವರಿಗಾಗಿ ಬರೆಯುತ್ತೇವೆ.

ನನ್ನ ಮನಸ್ಸಿನಲ್ಲಿ ಯಾರು ಕೂತಿದ್ದಾರೆ ಅಂತ ನೋಡಬೇಕು ಅನ್ನಿಸಿತು. ಒಂದು ಸಂಜೆ ನನ್ನ ಹಳೆಯ ಪೋಸ್ಟ್‌ಗಳನ್ನು ಒಂದೊಂದಾಗಿ ತೆಗೆದೆ. ಇದನ್ನು ಹಾಕುವಾಗ ಯಾರು ನೋಡಲಿ ಅಂತ ಆಸೆಯಿತ್ತು, ಯಾರು ನೋಡ್ತಾರೆ ಅಂತ ಭಯವಿತ್ತು? ನೆನಪಿದ್ದಷ್ಟು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಭಯದ ಪಟ್ಟಿಯಲ್ಲಿ ಮತ್ತೆ ಮತ್ತೆ ಬಂದದ್ದು ಹೆಚ್ಚುಕಡಿಮೆ ಅವೇ ಕೆಲವು ಹೆಸರುಗಳು. ಒಬ್ಬರು ನಾನು ಸರಿಯಾಗಿ ಮಾತೇ ಆಡದ ಸೀನಿಯರ್. ಇನ್ನೊಬ್ಬರು ಶಾಲೆಯ ದಿನಗಳ ಸಹಪಾಠಿ. ಮೂರನೆಯವರು ದೂರದ ಸಂಬಂಧಿ. ನನ್ನ ದಿನಗಳಲ್ಲಿ ಜೊತೆಗಿದ್ದ, ಅಳು ಬಂದಾಗ ಪಕ್ಕ ಕೂತ ಗೆಳೆಯರ ಹೆಸರು ಆ ಪಟ್ಟಿಯಲ್ಲಿ ಇರಲೇ ಇಲ್ಲ. ಅವರಿಗೆ ನಾನು ಹೇಗೆ ಕಾಣ್ತೀನಿ ಅಂತ ಯೋಚಿಸುವ ಅಗತ್ಯವೇ ಬಿದ್ದಿರಲಿಲ್ಲ, ಅಲ್ವಾ?

ಈ ಕೆಲಸವನ್ನು ಎಲ್ಲರೂ ಒಮ್ಮೆ ಮಾಡಿ ನೋಡಲಿ ಅಂತ ನನ್ನ ಆಸೆ. ಫೋನ್ ಪಕ್ಕಕ್ಕಿಟ್ಟು ಕಾಗದದಲ್ಲೇ ಬರೆಯಿರಿ. ಹೆಸರು ಕಣ್ಣೆದುರು ಬಂದಾಗ ಅದರ ತೂಕ ತಾನೇ ಕಡಿಮೆಯಾಗುತ್ತದೆ.

ಆ ಭಯದ ಬಗ್ಗೆ ಇನ್ನೊಂದು ಮಾತು. 2000ದಲ್ಲಿ ಪ್ರಕಟವಾದ, ಮನಶ್ಶಾಸ್ತ್ರಜ್ಞ ಟಾಮ್ ಗಿಲೋವಿಚ್ ಮತ್ತು ಸಂಗಡಿಗರ ಪ್ರಯೋಗವೊಂದಿದೆ. ಮುಜುಗರ ತರುವ ಚಿತ್ರವಿದ್ದ ಟೀಶರ್ಟ್ ಹಾಕಿಸಿ ವಿದ್ಯಾರ್ಥಿಗಳನ್ನು ಒಂದು ಕೋಣೆಯೊಳಗೆ ಕಳಿಸಿದರು. ಅಲ್ಲಿ ಕೂತಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಅದನ್ನು ಗಮನಿಸಿರುತ್ತಾರೆ ಅಂತ ಟೀಶರ್ಟ್ ಹಾಕಿದವರು ಅಂದಾಜು ಮಾಡಿದರು. ನಿಜಕ್ಕೂ ಗಮನಿಸಿದ್ದು ಸುಮಾರು ಕಾಲು ಭಾಗ. ನನ್ನ ಹಳೆಯ ಸ್ಟೋರಿಯೊಂದರಲ್ಲಿ ಕೂದಲು ಕೆದರಿತ್ತು ಅಂತ ಎಷ್ಟೋ ದಿನ ಕೊರಗಿದ್ದೆ. ಅದರ ಬಗ್ಗೆ ಗೆಳತಿಯನ್ನು ಕೇಳಿದೆ. "ಯಾವ ಸ್ಟೋರಿ?" ಅಂದಳು.

ಆಮೇಲೆ ಒಂದೊಂದಕ್ಕೂ ಅದರದ್ದೇ ಜಾಗ ಮಾಡಿಕೊಂಡೆ. ಇನ್‌ಸ್ಟಾಗ್ರಾಂನಲ್ಲಿ ಕ್ಲೋಸ್ ಫ್ರೆಂಡ್ಸ್ ಪಟ್ಟಿ 2018ರಿಂದಲೇ ಇದೆ. ಅದರಲ್ಲಿ ಕೆಲವೇ ಜನರನ್ನು ಇಟ್ಟುಕೊಂಡೆ. ರಾತ್ರಿ ಓದುತ್ತಾ ಕೂತ ಫೋಟೋ, ಗೊಣಗಾಟ, ಸುಮ್ನೆ ಹುಚ್ಚಾಟ ಎಲ್ಲ ಅಲ್ಲಿಗೆ. ವಾಟ್ಸಾಪ್ ಸ್ಟೇಟಸ್ ಯಾರು ನೋಡಬಹುದು ಅಂತ ಸೆಟ್ಟಿಂಗ್ಸ್‌ನಲ್ಲಿ ಆರಿಸಬಹುದು. ಅಲ್ಲಿ ಮನೆಯವರಿಗೆ ಖುಷಿ ಕೊಡುವಂಥದ್ದು ಹಾಕುತ್ತೇನೆ. ಓದಿದ್ದು, ಮಾಡಿದ್ದು, ಕಲಿತದ್ದು ಎಲ್ಲರಿಗೂ ಕಾಣುವ ಪ್ರೊಫೈಲ್‌ಗೆ. ಹಳೆಯ ಪೋಸ್ಟ್‌ಗಳಲ್ಲಿ ಈಗಿನ ನನಗೆ ಹೊಂದದವನ್ನು ಡಿಲೀಟ್ ಮಾಡಲಿಲ್ಲ, ಆರ್ಕೈವ್ ಮಾಡಿದೆ. ಆರ್ಕೈವ್ ಮಾಡಿದರೆ ಬೇರೆಯವರಿಗೆ ಕಾಣುವುದಿಲ್ಲ, ನಮ್ಮ ಹತ್ತಿರ ಕಾಮೆಂಟ್ ಸಮೇತ ಉಳಿಯುತ್ತದೆ. ಹಳೆಯ ನಾನು ನಾಚಿಕೆಯ ವಿಷಯ ಅಂತ ನನಗೆ ಅನ್ನಿಸುವುದಿಲ್ಲ. ಅವಳನ್ನು ಹೊಸಬರಿಗೆಲ್ಲ ಪರಿಚಯಿಸಬೇಕಾಗಿಲ್ಲ ಅಷ್ಟೇ.

ಕೆಲವರು ಇದಕ್ಕಾಗಿ ಎರಡನೇ ಅಕೌಂಟ್ ಇಟ್ಟುಕೊಳ್ಳುತ್ತಾರೆ. ಫಿನ್‌ಸ್ಟಾ ಅನ್ನುತ್ತಾರಲ್ಲ, ಅದು. ನನ್ನ ಗೆಳೆಯರಿಗೆ ಅದರಿಂದ ನಿರಾಳವಾಗಿದ್ದನ್ನು ನೋಡಿದ್ದೇನೆ. ನನಗೆ ಬೇಡ ಅನ್ನಿಸಿತು. ಎರಡು ಅಕೌಂಟ್ ಇದ್ದರೆ ಎರಡು ಕಡೆಯೂ ನೋಟಿಫಿಕೇಶನ್ ನೋಡಬೇಕು, ಅವಸರದಲ್ಲಿ ಒಂದರದ್ದು ಇನ್ನೊಂದಕ್ಕೆ ಹೋಗುವ ಭಯ ಬೇರೆ. ಪಟ್ಟಿ ಎಷ್ಟೇ ಚಿಕ್ಕದಿರಲಿ, ಸ್ಕ್ರೀನ್‌ಶಾಟ್ ತೆಗೆಯುವುದನ್ನು ತಡೆಯಲು ಆಗುವುದಿಲ್ಲ. ಬೇರೆಯವರ ಬಗ್ಗೆ ಕಹಿ ಮಾತಿದ್ದರೆ ಅದನ್ನು ಎಲ್ಲೂ ಹಾಕುವುದಿಲ್ಲ, ಫೋನ್ ಮಾಡಿ ಹೇಳುತ್ತೇನೆ.

ಇನ್ನು ಮುಖದ ವಿಷಯ. ಜಾಸ್ತಿ ನೋವು ಕೊಡುವುದು ಇದೇ. ಸೆಲ್ಫಿ ತೆಗೆಯುವಾಗ ಸ್ಕ್ರೀನ್ ಮೇಲೆ ಕಾಣುವುದು ಕನ್ನಡಿಯಲ್ಲಿ ಕಾಣುವಂಥ ತಿರುಗಿದ ಮುಖ. ಬೇರೆಯವರು ತೆಗೆದ ಫೋಟೋದಲ್ಲಿ ಅದು ತಿರುಗಿರುವುದಿಲ್ಲ. 1977ರಲ್ಲೇ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿದ್ದರು. ಜನರಿಗೆ ತಮ್ಮ ಕನ್ನಡಿ ಮುಖವೇ ಹೆಚ್ಚು ಇಷ್ಟವಾಯಿತು, ಅವರ ಗೆಳೆಯರಿಗೆ ನೇರ ಮುಖ ಹೆಚ್ಚು ಇಷ್ಟವಾಯಿತು. ಯಾರು ಯಾವ ಮುಖವನ್ನು ನೋಡಿ ರೂಢಿಯಾಗಿದೆಯೋ ಅದೇ ಅವರಿಗೆ ಚಂದ. ಇದು ಗೊತ್ತಾದ ಮೇಲೆ ಬೇರೆಯವರು ತೆಗೆದ ಫೋಟೋ ನೋಡಿ "ಛೀ, ನಾನು ಹೀಗಿದೀನಾ" ಅನ್ನುವುದು ಕಡಿಮೆಯಾಯಿತು. ನನ್ನವರು ಪ್ರೀತಿಯಿಂದ ನೋಡುತ್ತಿರುವ ಮುಖ ಅದೇ.

ದೂರದ ಲೆಕ್ಕವೂ ಇದೆ. ಸೆಲ್ಫಿ ಬಗ್ಗೆ 2018ರಲ್ಲಿ ಬಂದ ಅಧ್ಯಯನವೊಂದು ಇದನ್ನು ಲೆಕ್ಕ ಹಾಕಿತು. ಐದು ಅಡಿ ದೂರದಿಂದ ತೆಗೆದ ಫೋಟೋಕ್ಕಿಂತ 12 ಇಂಚು ದೂರದಿಂದ ತೆಗೆದದ್ದರಲ್ಲಿ ಮೂಗು ಸುಮಾರು 30 ಪರ್ಸೆಂಟ್ ಅಗಲವಾಗಿ ಕಾಣುತ್ತದೆ. ಅಂದರೆ ಮೂಗಿನಲ್ಲೇನೂ ತಪ್ಪಿಲ್ಲ, ಕ್ಯಾಮೆರಾ ತೀರಾ ಹತ್ತಿರವಿದೆ. ನಾನು ಮುಖದ ಆಕಾರ ಬದಲಿಸುವ ಫಿಲ್ಟರ್ ಬಿಟ್ಟಿದ್ದು ಇದನ್ನು ಓದಿದ ಮೇಲೆ. ಬೆಳಕು, ಬಣ್ಣ ಸರಿಮಾಡುವುದನ್ನು ಈಗಲೂ ಮಾಡುತ್ತೇನೆ, ಅದರಲ್ಲಿ ಸಂಕೋಚವಿಲ್ಲ. ಮೂಗು, ಗಲ್ಲ, ಮೈಬಣ್ಣ ಮಾತ್ರ ಮುಟ್ಟುವುದಿಲ್ಲ. ತಿದ್ದಿದ ಮುಖವನ್ನೇ ದಿನಾ ನೋಡುತ್ತಿದ್ದರೆ ಕನ್ನಡಿಯ ಮುಖ ಪರಕೀಯ ಅನ್ನಿಸತೊಡಗುತ್ತದೆ. ಆ ಅನುಭವ ಯಾರಿಗೂ ಬೇಡ.

ಲೈಕ್ ಎಣಿಕೆಯ ಬಗ್ಗೆ ಉದ್ದಕ್ಕೆ ಹೇಳುವುದಿಲ್ಲ. 2021ರ ಮೇ ತಿಂಗಳಿಂದ ಇನ್‌ಸ್ಟಾಗ್ರಾಂನಲ್ಲಿ ಅದನ್ನು ಮರೆಮಾಡಬಹುದು, ನಮ್ಮ ಪೋಸ್ಟ್‌ನದ್ದೂ, ಬೇರೆಯವರದ್ದೂ. ನಾನು ಎರಡನ್ನೂ ಮರೆಮಾಡಿದ್ದೇನೆ. ಬೇರೆಯವರ ಎಣಿಕೆ ಕಾಣದಿದ್ದಾಗ ನೆಮ್ಮದಿ ಇನ್ನೂ ಜಾಸ್ತಿ.

ಆದರೆ ಹೋಲಿಕೆ ಅಷ್ಟಕ್ಕೇ ನಿಲ್ಲುವುದಿಲ್ಲ. ನಾವು ನಮ್ಮನ್ನು ಅಳೆದುಕೊಳ್ಳುವುದು ನಮ್ಮ ಹಾಗೇ ಇರುವವರ ಜೊತೆ ಅಂತ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ಬರೆದಿದ್ದರು. ಸಿನಿಮಾ ತಾರೆಯ ಮನೆ ನೋಡಿ ನಮಗೆ ಏನೂ ಅನ್ನಿಸುವುದಿಲ್ಲ. ಪಕ್ಕದ ಬೆಂಚಿನವರಿಗೆ ಇಂಟರ್ನ್‌ಶಿಪ್ ಸಿಕ್ಕಿತು ಅಂದರೆ ರಾತ್ರಿ ನಿದ್ದೆ ಬರುವುದಿಲ್ಲ. ಕೊನೆಯ ವರ್ಷದಲ್ಲಿ ಲಿಂಕ್ಡ್‌ಇನ್ ತೆರೆದರೆ ಇದೇ. ಅಲ್ಲಿ ಸೋತವರ ಸುದ್ದಿ ಕಾಣುವುದು ಬಹಳ ಕಡಿಮೆ. ನಾನು ಮಾಡಿದ್ದಿಷ್ಟೇ: ಯಾರ ಪೋಸ್ಟ್ ನೋಡಿದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೋ ಅಂಥ ಕೆಲವರನ್ನು ಮ್ಯೂಟ್ ಮಾಡಿದೆ, ಅಂದರೆ ಅವರ ಪೋಸ್ಟ್ ನನಗೆ ಕಾಣದಂತೆ ಮಾಡಿದೆ. ಮ್ಯೂಟ್ ಮಾಡಿದ್ದು ಅವರಿಗೆ ಗೊತ್ತಾಗುವುದಿಲ್ಲ, ಸಂಬಂಧವೂ ಕೆಡುವುದಿಲ್ಲ. ಅವರಿಗೆ ಒಳ್ಳೆಯದಾದಾಗ ಎದುರು ಸಿಕ್ಕಿ ಮನಸಾರೆ ಶುಭ ಹೇಳಲು ನನಗೆ ಸಾಧ್ಯವಾಗಿದ್ದೂ ಇದರಿಂದಲೇ.

ನನ್ನ ಲಿಂಕ್ಡ್‌ಇನ್ ಪ್ರೊಫೈಲ್ ಬರೆಯುವಾಗಲೂ ಅದೇ ಪ್ರಶ್ನೆ ಕೇಳಿಕೊಂಡೆ. ಇದು ಯಾರಿಗೆ? ಕೆಲಸಕ್ಕೆ ಜನ ಹುಡುಕುತ್ತಿರುವ, ಪುರುಸೊತ್ತಿಲ್ಲದ ಒಬ್ಬ ಅಪರಿಚಿತರಿಗೆ. ಹಾಗಾಗಿ "ಉತ್ಸಾಹಿ", "ಶ್ರಮಜೀವಿ" ಥರದ ವಿಶೇಷಣ ತೆಗೆದೆ. ಪ್ರಾಜೆಕ್ಟ್‌ನಲ್ಲಿ ನನ್ನ ಪಾಲಿನ ಕೆಲಸ ಯಾವುದು, ತಂಡದವರ ಪಾಲು ಯಾವುದು ಅಂತ ಬಿಡಿಸಿ ಬರೆದೆ. ಸಂದರ್ಶನದಲ್ಲಿ ಪ್ರಶ್ನೆಗಳು ಬಂದಿದ್ದು ಅದರ ಮೇಲೇ. ನಾನು ಮಾಡಿದ ಕೆಲಸವೇ ಆಗಿದ್ದರಿಂದ ಉತ್ತರ ಹುಡುಕಬೇಕಾಗಲಿಲ್ಲ. ಅರ್ಜಿ ಹಾಕುವ ಮೊದಲು ಬ್ರೌಸರ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ನಿಮ್ಮ ಹೆಸರನ್ನು ನೀವೇ ಹುಡುಕಿ ನೋಡಿ. ಲಾಗಿನ್ ಆಗದ ಅಪರಿಚಿತರಿಗೆ ನಮ್ಮ ಬಗ್ಗೆ ಏನು ಕಾಣುತ್ತದೆ ಅನ್ನುವುದು ಆಗ ಸುಮಾರಾಗಿ ಗೊತ್ತಾಗುತ್ತದೆ.

ನಮ್ಮ ಚಿತ್ರ ಪೂರ್ತಿ ನಮ್ಮ ಕೈಯಲ್ಲೂ ಇಲ್ಲ. ಗೆಳೆಯರು ಹಾಕುವ ಫೋಟೋ, ಮಾಡುವ ಟ್ಯಾಗ್‌ಗಳಿಂದಲೂ ಅದು ಬೆಳೆಯುತ್ತದೆ. ಟ್ಯಾಗ್ ಆದ ಫೋಟೋ ನಾನು ಒಪ್ಪಿದ ಮೇಲೆಯೇ ನನ್ನ ಪ್ರೊಫೈಲ್‌ನಲ್ಲಿ ಕಾಣುವಂತೆ ಸೆಟ್ಟಿಂಗ್ ಬದಲಿಸಿದ್ದೇನೆ. ಆದರೆ ಅದು ಫೋಟೋವನ್ನು ಅವರ ಪ್ರೊಫೈಲ್‌ನಿಂದ ತೆಗೆಯುವುದಿಲ್ಲ. ಹಾಗಾಗಿ ನಮ್ಮ ಗುಂಪಿನಲ್ಲಿ ಕೂತು ಮಾತಾಡಿಕೊಂಡೆವು. ಗುಂಪು ಫೋಟೋ ಮೊದಲು ವಾಟ್ಸಾಪ್ ಗ್ರೂಪ್‌ಗೆ ಬರಬೇಕು. ಯಾರಾದರೂ ಬೇಡ ಅಂದರೆ ಹಾಕುವುದಿಲ್ಲ, ಯಾಕೆ ಅಂತ ಕೇಳುವುದೂ ಇಲ್ಲ. ಮೊದಮೊದಲು "ಇದೇನು ಇಷ್ಟು ದೊಡ್ಡ ವಿಷಯ" ಅಂದವರು ಇದ್ದರು. ಆಮೇಲೆ ಅವರೇ ಒಂದು ಫೋಟೋಕ್ಕೆ ಬೇಡ ಅಂದರು. ಅದನ್ನು ಹಾಕಲಿಲ್ಲ. ಈಗ ಹೊಸದಾಗಿ ಯಾರಾದರೂ ಗುಂಪಿಗೆ ಸೇರಿದರೆ ಈ ಮಾತನ್ನು ಅವರೇ ಮೊದಲು ಹೇಳುತ್ತಾರೆ.