ಒಬ್ಬರೇ ನಿಂತು ಹೋಬಿ 16ರ ಮಾಸ್ಟ್ ಎತ್ತುವುದು, ಇಳಿಸುವುದು

ಹೋಬಿ 16 ಚಿಕ್ಕ ಕ್ಯಾಟಮರಾನ್, ಅಂದರೆ ಎರಡು ಒಡಲಿನ ಹಾಯಿದೋಣಿ. ಉದ್ದ 16 ಅಡಿ 7 ಇಂಚು, ತೂಕ ಸುಮಾರು 145 ಕೆಜಿ. ಆದರೆ ಮಾಸ್ಟ್, ಅಂದರೆ ಹಾಯಿ ಕಟ್ಟುವ ಕಂಬ, 26 ಅಡಿ ದಾಟುತ್ತದೆ. ಅಟ್ಲಾಂಟಾ ಹತ್ತಿರದ ಲೇಕ್ ಲೇನಿಯರ್‌ಗೆ ನಾನು ವಾರದ ಮಧ್ಯೆ ಹೋಗುವುದೇ ಜಾಸ್ತಿ. ಆಗ ದಡದಲ್ಲಿ ಕೈ ಜೋಡಿಸೋಕೆ ಯಾರೂ ಇರುವುದಿಲ್ಲ. ಹಾಗಾಗಿ ಈ ಕೆಲಸ ಒಬ್ಬಳೇ ಮಾಡುತ್ತೇನೆ.

ಎಲ್ಲರೂ ಹೆದರುವುದು ಮಾಸ್ಟಿನ ಭಾರಕ್ಕೆ. ಭಾರ ಎತ್ತಲು ಟ್ರೇಲರ್‌ನ ವಿಂಚ್ (ಹಗ್ಗ ಸುತ್ತಿ ಎಳೆಯುವ ರಾಟೆ) ಇದೆ. ನಿಜಕ್ಕೂ ಹೆದರಬೇಕಾದ್ದು ಅದು ಪಕ್ಕಕ್ಕೆ ವಾಲುವುದಕ್ಕೆ. ಅಕ್ಕಪಕ್ಕದ ಶ್ರೌಡ್ ತಂತಿಗಳು ದೋಣಿಗೆ ಸೇರುವುದು ಮಾಸ್ಟಿನ ಬುಡಕ್ಕಿಂತ ಹಿಂದೆ. ಮಾಸ್ಟ್ ಹಿಂದಕ್ಕೆ ಮಲಗಿದ್ದಾಗ ಅವು ಸಡಿಲ. ಪೂರ್ತಿ ನಿಂತ ಮೇಲಷ್ಟೇ ಬಿಗಿ. ನಡುವೆ ಅದನ್ನು ಹಿಡಿದುಕೊಳ್ಳುವುದು ಏನೂ ಇಲ್ಲ.

ಇದಕ್ಕೆ ದಾರಿ ಮಾಸ್ಟಿನಲ್ಲೇ ನೇತಾಡುತ್ತಿರುತ್ತದೆ. ಎರಡು ಟ್ರಪೀಜ್ ತಂತಿಗಳ (ದೋಣಿಯಿಂದ ಹೊರಗೆ ವಾಲಿ ನಿಲ್ಲಲು ಮಾಸ್ಟಿನಿಂದ ಇಳಿಬಿಟ್ಟವು) ತುದಿಗೆ ಹಗ್ಗ ಸೇರಿಸಿ, ಮಾಸ್ಟ್ ಮಲಗಿರುವಾಗಲೇ ಎರಡು ಒಡಲನ್ನು ಜೋಡಿಸುವ ಮುಂದಿನ ಅಡ್ಡಕಂಬಿಯ ಎರಡು ತುದಿಗೆ ಬಿಗಿಯಾಗಿ ಕಟ್ಟಿ. ಮಾಸ್ಟಿನ ಬುಡ ತಿರುಗುವುದು ಅದೇ ಅಡ್ಡಕಂಬಿಯ ಮೇಲೆ, ಬಾಗಿಲು ಕೀಲಿನ ಮೇಲೆ ತಿರುಗಿದ ಹಾಗೆ. ಕೀಲಿನ ಸಾಲಲ್ಲೇ ಕಟ್ಟಿದ ಹಗ್ಗ ಮಾಸ್ಟ್ ಎಷ್ಟು ಮೇಲೆದ್ದರೂ ಹೆಚ್ಚುಕಡಿಮೆ ಅಷ್ಟೇ ಬಿಗಿ ಇರುತ್ತದೆ. ಒಂದಡಿ ಹಿಂದೆ ಕಟ್ಟಿದರೆ ಈ ಲಾಭ ಹೋಯಿತು. ದಯವಿಟ್ಟು ಇಲ್ಲಿ ಅವಸರ ಮಾಡಬೇಡಿ.

ಎಲ್ಲಕ್ಕಿಂತ ಮೊದಲು ತಲೆ ಎತ್ತಿ ಕರೆಂಟ್ ತಂತಿ ಇದೆಯಾ ನೋಡಿ. ನೀವು ನಿಂತ ಜಾಗದಲ್ಲಷ್ಟೇ ಅಲ್ಲ, ನೀರಿನವರೆಗಿನ ದಾರಿಯಲ್ಲೂ. ಅಲ್ಯೂಮಿನಿಯಂ ಮಾಸ್ಟ್ ಹೈಟೆನ್ಷನ್ ತಂತಿಗೆ ತಗುಲಿ ಜನ ಸತ್ತಿದ್ದಾರೆ. ಆ ಕಾರಣಕ್ಕೇ ಅಮೆರಿಕದಲ್ಲಿ ಹೋಬಿ ಮಾಸ್ಟಿನ ಮೇಲ್ಭಾಗವನ್ನು ಫೈಬರ್‌ನಲ್ಲಿ ಮಾಡತೊಡಗಿದರು. ಅದನ್ನೇ ನಂಬಿ ಕೂರಬೇಡಿ, ಕೆಳಗಿನ ಭಾಗವೂ ತಂತಿಗಳೂ ಲೋಹವೇ ಅಲ್ವಾ.

ಟ್ರೇಲರ್ ಕಾರಿಗೆ ಜೋಡಿಸಿಯೇ ಇರಲಿ. ದೋಣಿಯನ್ನು ಟ್ರೇಲರ್‌ಗೆ ಬಿಗಿದಿರಿ. ನೆಲ ಪಕ್ಕಕ್ಕೆ ಇಳಿಜಾರಿರಬಾರದು, ದೋಣಿಯ ಮೂತಿ ಗಾಳಿಗೆ ಎದುರಾಗಿರಲಿ. ಗಾಳಿ ಜೋರಿದ್ದರೆ ನಾನು ಕಾಯುತ್ತೇನೆ. ಮಾಸ್ಟನ್ನು ಹಿಂದಕ್ಕೆ ಸರಿಸಿ, ಬುಡವನ್ನು ಪೀಠಕ್ಕೆ ಕೂರಿಸಿ ಕೀಲಿನ ಪಿನ್ ಹಾಕಿ. ಶ್ರೌಡ್‌ಗಳು ಜೋಡಿಸಿರಬೇಕು. ತಂತಿಯ ಒಂದು ಎಳೆ ತುಂಡಾಗಿ ಚುಚ್ಚಿದರೂ ಆ ತಂತಿ ಬದಲಿಸಿ.

ಈಗ ಎತ್ತುವ ಕಂಬ. ನನ್ನದು ಎಂಟು ಅಡಿಯ ಕಬ್ಬಿಣದ ಪೈಪ್. ಕೆಳತುದಿ ಮಾಸ್ಟಿನ ಬುಡಕ್ಕೆ ಆತು ಜಾರದಂತೆ ಕೂರಬೇಕು. ಪೈಪನ್ನು ನೆಟ್ಟಗೆ ನಿಲ್ಲಿಸಿ, ಅದರ ತಲೆಯಿಂದಲೂ ಎರಡು ಹಗ್ಗ ಅಡ್ಡಕಂಬಿಯ ತುದಿಗಳಿಗೆ ಕಟ್ಟಿ. ಜಿಬ್ (ಮುಂದಿನ ಚಿಕ್ಕ) ಹಾಯಿ ಏರಿಸುವ ಹಗ್ಗದ ಒಂದು ತುದಿ ಪೈಪಿನ ತಲೆಗೆ, ಇನ್ನೊಂದು ಮಾಸ್ಟಿಗೆ. ಹಗ್ಗ ಸಿಕ್ಕಿಸುವ ಕ್ಲೀಟ್ ಒಂದನ್ನೇ ನಂಬದೆ ಮೇಲೊಂದು ಗಂಟು ಹಾಕಿ. ಪೈಪಿನ ತಲೆಯಿಂದ ಮುಂದಿನ ವಿಂಚ್‌ಗೆ ಇನ್ನೊಂದು ಹಗ್ಗ. ಮಾಸ್ಟ್ ಏಳುತ್ತಿದ್ದಂತೆ ಪೈಪ್ ಮುಂದಕ್ಕೆ ಮಲಗುತ್ತದೆ.

ವಿಂಚ್ ತಿರುಗಿಸಿ. ಜಾಸ್ತಿ ಭಾರ ಬೀಳುವುದು ಶುರುವಿನಲ್ಲೇ. ಮಲಗಿದ ಮಾಸ್ಟಿಗೆ ಹಿಂದೆ ಕೊಟ್ಟ ಆಸರೆ ಎತ್ತರವಿದ್ದಷ್ಟೂ ಸುಲಭ. ಮಾಸ್ಟ್ ಒಂದೆರಡು ಅಡಿ ಎದ್ದ ಮೇಲೆ ವಿಂಚ್ ಲಾಕ್ ಮಾಡಿ, ಸುತ್ತ ಒಂದು ಸಲ ನಡೆದು ನೋಡಿ. ಶ್ರೌಡ್‌ಗಳಿಗೆ ದೋಣಿ ತಿರುಗಿಸುವ ರಡ್ಡರ್‌ಗೆ ಸಿಕ್ಕಿಕೊಳ್ಳುವ ಅಭ್ಯಾಸ. ಮಾಸ್ಟಿನ ಅಡಿಗೆ ಮಾತ್ರ ಹೋಗಬೇಡಿ. ಆಮೇಲೆ ನಿಧಾನಕ್ಕೆ ಪೂರ್ತಿ ಎತ್ತಿ. ನಿಂತಿತಾ? ಮಾಸ್ಟನ್ನು ಮೂತಿಯ ಕಡೆಯಿಂದ ಹಿಡಿಯುವ ಮುಂದಿನ ತಂತಿಯನ್ನು ಸೇರಿಸಿ, ಪಿನ್ ಹಾಕಿ, ರಿಂಗ್ ಹಾಕಿ, ಎಳೆದು ನೋಡಿ. ಅಲ್ಲಿಯವರೆಗೆ ವಿಂಚ್ ಸಡಿಲಿಸುವಂತಿಲ್ಲ. ಪೈಪ್ ತೆಗೆದ ಮೇಲೆ ಕೀಲಿನ ಪಿನ್ನನ್ನೂ ತೆಗೆಯಿರಿ. ಈ ಮಾಸ್ಟ್ ಹಾಯಿಯ ಜೊತೆ ತಿರುಗಬೇಕು.

ಇಳಿಸುವಾಗ ಕ್ರಮ ತಿರುಗುಮುರುಗು. ದಣಿದಿರುತ್ತೀರಿ, ಅದಕ್ಕೇ ಹೆಚ್ಚು ಎಚ್ಚರ ಬೇಕು. ಕೀಲಿನ ಪಿನ್, ಟ್ರಪೀಜ್ ಹಗ್ಗ, ಪೈಪ್, ವಿಂಚ್ ಹಗ್ಗ ಎಲ್ಲ ಬಿಗಿಯಾದ ಮೇಲಷ್ಟೇ ಮುಂದಿನ ತಂತಿ ಬಿಚ್ಚಿ. ವಿಂಚ್ ಹಿಡಿಯನ್ನು ಒಂದು ಕ್ಷಣವೂ ಬಿಡಬೇಡಿ. ಬಿಟ್ಟರೆ ಗಿರಗಿರನೆ ತಿರುಗಿ ಕೈ ಮುರಿಯುತ್ತದೆ. ಬ್ರೇಕ್ ಇರುವ ವಿಂಚ್ ಕೊಂಡರೆ ಆ ಭಯ ಇಲ್ಲ, ಅದಕ್ಕೆ ದುಡ್ಡು ಹಾಕಿ. ಜಾರ್ಜಿಯಾದಲ್ಲಿ ಬೇಸಿಗೆ ಮಧ್ಯಾಹ್ನ ಗುಡುಗು ಸಾಮಾನ್ಯ. ಮೋಡ ಕಟ್ಟುವುದಕ್ಕೆ ಮುಂಚೆಯೇ ಇಳಿಸಿಬಿಡಿ. ಗುಡುಗು ಕೇಳಿಸಿದರೆ ಮಾಸ್ಟ್ ಹಾಗೇ ಬಿಟ್ಟು ಕಾರಿನೊಳಗೆ ಹೋಗಿ ಕೂತುಕೊಳ್ಳಿ.